ಎಷ್ಟು ಬಾಳುತ್ತೆ

ಫೆಬ್ರವರಿ 9, ಭಾನುವಾರ, ಮಧ್ಯಾಹ್ನ

ಹಕ್ಕಿಗಳ ಭಾಷೆ ಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬ ಹೋದ ವರ್ಷ ತೀರಿಕೊಂಡ. ಇನ್ನೊಬ್ಬ ಈಗ ನೆತ್ತಿಗೆ ಎಣ್ಣೆ ಒತ್ತಿಕೊಂಡು ಇದನ್ನು ಬರೆಯುತ್ತಿದ್ದಾನೆ.

ಎಣ್ಣೆ ಯಾಕೆಂದರೆ, ಬೆಳಿಗ್ಗೆ ಹೊಳೆ ನಡುವಿನ ಮರಳುದಿಬ್ಬಕ್ಕೆ ಹೋಗಿದ್ದೆ. ಅಲ್ಲಿ ರೀವ ಅನ್ನುವ ಹೊಳೆಹಕ್ಕಿಗಳು ಮೊಟ್ಟೆ ಇಟ್ಟಿವೆ. ಬೂದು ಮೈ, ಕಪ್ಪು ಟೋಪಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ನೋಡಲು ಮದುವೆ ಗಂಡು, ಬುದ್ಧಿ ಮಾತ್ರ ಬಡ್ಡಿ ವಸೂಲಿಯವನದು. ಗೂಡಿನ ಹತ್ತಿರ ಕಾಲಿಟ್ಟರೆ ನೆತ್ತಿಗೇ ಎರಗುತ್ತವೆ. ಅವುಗಳ ಭಾಷೆಯಲ್ಲೇ ಸಮಾಧಾನ ಹೇಳಿದೆ. ಎರಡು ಕುಕ್ಕು ಬಿತ್ತು. ಉಚ್ಚಾರಣೆ ತಪ್ಪಿರಬೇಕು.

ಗೂಡು ಅಂದರೆ ಗೂಡೂ ಅಲ್ಲ. ಮರಳಲ್ಲಿ ಹಿಮ್ಮಡಿ ಊರಿದಷ್ಟು ತಗ್ಗು. ಅದರಲ್ಲಿ ಎರಡೋ ಮೂರೋ ಚುಕ್ಕೆ ಮೊಟ್ಟೆ. ಹುಲ್ಲುಕಡ್ಡಿ ಇಲ್ಲ, ಮರೆ ಇಲ್ಲ. ಇಷ್ಟು ನಂಬಿಕೆಯ ಮೇಲೆ ಸಂಸಾರ ಹೂಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಕರೆದುಕೊಂಡು ಹೋದದ್ದು ಅಕ್ಕನ ಮಗಳು. ನೀರು ಸರಬರಾಜು ಕಚೇರಿಯಲ್ಲಿ ಕೆಲಸ — ಹೊಳೆ ನೀರನ್ನು ಬಾಟಲಿಗೆ ಹಿಡಿದು ಪರೀಕ್ಷೆ ಮಾಡುವುದು. ಭಾನುವಾರ ಬಂದರೆ ಏಳೆಂಟು ಜನರನ್ನು ಕಟ್ಟಿಕೊಂಡು ಹಕ್ಕಿ ಕಾಯುತ್ತಾಳೆ, ಸಂಬಳವಿಲ್ಲದೆ. ನಕ್ಕರೂ ತೀರ್ಪು ಕೊಟ್ಟ ಹಾಗೆ ನಗುತ್ತಾಳೆ. ಅದಕ್ಕೇ ಜಡ್ಜಮ್ಮ ಅಂತ ಹೆಸರಿಟ್ಟೆ. ಈಗ ಅವರಮ್ಮನೂ ಹಾಗೇ ಕರೆಯುತ್ತಾಳೆ.

ವಿಷಯ ಇಷ್ಟು. ಆ ದಿಬ್ಬದ ಮರಳನ್ನು ಹರಾಜು ಹಾಕಲು ಹೊರಟಿದ್ದಾರೆ. ಜಡ್ಜಮ್ಮ ಮೂರು ವರ್ಷ ಕಚೇರಿ ಅಲೆದದ್ದಕ್ಕೆ ಏಪ್ರಿಲ್‌ನಲ್ಲಿ ಒಬ್ಬ ಅಧಿಕಾರಿ ಬಂದು ನೋಡುತ್ತಾರಂತೆ. ಹಕ್ಕಿಗಳ ದೊಡ್ಡ ಸಂಸಾರವೇ ಅಲ್ಲಿದೆ ಅಂತ ಖಾತ್ರಿಯಾದರೆ ಹರಾಜು ನಿಲ್ಲುತ್ತೆ. ಇಲ್ಲವಾದರೆ ದಿಬ್ಬಕ್ಕೆ ಲಾರಿ ಇಳಿಯುತ್ತೆ. ಅಲ್ಲಿಯವರೆಗೆ ಜನ, ನಾಯಿ ಯಾರೂ ಆ ಕಡೆ ಸುಳಿಯಬಾರದು. ಅದನ್ನು ಊರೆಲ್ಲ ಸಾರಬೇಕು.

ಊರೆಲ್ಲ ಸಾರುವ ಗಂಟಲು ಇರುವುದು ಒಂದೇ. ನನ್ನ ಮೈಕ್‌ಸೆಟ್ಟಿನದು.

ಫೆಬ್ರವರಿ 11, ಮಂಗಳವಾರ, ಸಂಜೆ

ವ್ಯಾನಿನ ತಲೆಗೆ ಎರಡು ಹಾರ್ನ್ ಕಟ್ಟಿದೆ. ಆಂಪ್ಲಿಫೈಯರ್ ಗೊರಗೊರ ಅಂತಿತ್ತು. ಎರಡು ಗುದ್ದು ಕೊಟ್ಟೆ, ಸುಮ್ಮನಾಯಿತು. ಹೊಸದಕ್ಕೆ ದುಡ್ಡು ಕೂಡಿಡುತ್ತಿದ್ದೇವೆ. ಇವಳು, ನನ್ನ ಹೆಂಡತಿ, ಹೊಲಿಗೆಯಿಂದ; ನಾನು ಮೈಕ್, ಕುರ್ಚಿ ಬಾಡಿಗೆಯಿಂದ. ಕೆಟ್ಟುಹೋದ ಸ್ಪೀಕರ್ ಪೆಟ್ಟಿಗೆಯೊಳಗೆ ಗಂಟು ಇದೆ. ಕೆಟ್ಟ ಸ್ಪೀಕರನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ — ನನ್ನ ತಲೆ ಅಂದರೆ ತಲೆ.

ಜಡ್ಜಮ್ಮ ಬರೆದುಕೊಟ್ಟದ್ದು ಮೂರೇ ಸಾಲು. ದಯವಿಟ್ಟು ಯಾರೂ ಮರಳುದಿಬ್ಬಕ್ಕೆ ಹೋಗಬೇಡಿ. ನಾಯಿಗಳನ್ನು ಕಟ್ಟಿಹಾಕಿ. ಮೊಟ್ಟೆ ಮುಟ್ಟದಿದ್ದರೆ ಹಕ್ಕಿ ಬಾಳುತ್ತೆ. ಒಂದಕ್ಷರ ಸೇರಿಸಬಾರದು ಅಂತ ಅಪ್ಪಣೆ ಬೇರೆ.

ಎರಡು ಬೀದಿ ಹಾಗೇ ಓದಿದೆ. ಒಂದು ತಲೆಯೂ ಈ ಕಡೆ ತಿರುಗಲಿಲ್ಲ. ಪಾತ್ರೆ ಅಂಗಡಿಯವನು ನನ್ನ ಮುಖ ನೋಡಿಯೇ ಆಕಳಿಸಿದ. ನನ್ನ ಧ್ವನಿ ಕೇಳಿ ಆಕಳಿಸಿದವರು ಈವರೆಗೆ ಇರಲಿಲ್ಲ.

ಮೂರನೇ ಬೀದಿಯಲ್ಲಿ ಕ್ಷೌರದ ಅಂಗಡಿ. ನನ್ನ ಗಲ್ಲಕ್ಕೆ ಮೂವತ್ತು ವರ್ಷದಿಂದ ಕತ್ತಿ ಹಿಡಿದ ಗೆಳೆಯ. 'ಹಕ್ಕಿ ಬಾಳುತ್ತೆ' ಅಂದೆನೋ ಇಲ್ಲವೋ, ಬಾಗಿಲಿಗೆ ಬಂದು ಕೇಳಿದ.

"ಎಷ್ಟು ಬಾಳುತ್ತೆ?"

ಬದುಕಿ ಬಾಳುವ ಬಾಳನ್ನು ಬೆಲೆ ಬಾಳುವ ಬಾಳು ಮಾಡಿದ. ನೊರೆ ಹಚ್ಚಿಕೊಂಡು ಕೂತವರೆಲ್ಲ ನಕ್ಕರು. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ನಮ್ಮ ವಂಶದಲ್ಲೇ ಇಲ್ಲ. ಮೈಕಿನಲ್ಲೇ ಹೇಳಿದೆ. ಒಂದೊಂದು ಮೊಟ್ಟೆ ಲಕ್ಷ ಬಾಳುತ್ತೆ, ಹೊರದೇಶದವರು ವಿಮಾನ ಇಳಿದು ವಿಚಾರಿಸುತ್ತಿದ್ದಾರೆ ಅಂತ.

ಆಗ ನೋಡಬೇಕಿತ್ತು. ಕಿಟಕಿ ತೆರೆದವು. ಮಹಡಿಯ ಮೇಲೆ ಬಟ್ಟೆ ಹಿಂಡುತ್ತಿದ್ದವಳು ಹಿಂಡುತ್ತಿದ್ದ ಹಾಗೇ ನಿಂತಳು. ಹೋಗುತ್ತಿದ್ದ ಸ್ಕೂಟರ್ ನಿಂತಿತು. ಜನರಲ್ಲಿ ಗೌರವ ಹುಟ್ಟಬೇಕಾದರೆ ಬೆಲೆ ಹೇಳಬೇಕು. ಓದಿದವರಿಗೆ ಇದು ತಿಳಿಯುವುದಿಲ್ಲ. ಉಳಿದ ಬೀದಿಗಳಲ್ಲೂ ಅದನ್ನೇ ಸಾರಿದೆ. ಕೊನೆಯ ಬೀದಿಗೆ ಬರುವ ಹೊತ್ತಿಗೆ ಎರಡು ಲಕ್ಷವಾಗಿತ್ತು.

ಫೆಬ್ರವರಿ 16, ಭಾನುವಾರ

ದಿಬ್ಬದ ಮೇಲೆ ಹೆಜ್ಜೆ ಗುರುತು. ಬರಿಗಾಲು, ಚಪ್ಪಲಿ, ಒಂದು ಬೂಟು.

ಜಡ್ಜಮ್ಮ ದಿಬ್ಬದ ಅಂಚಿನಲ್ಲಿರುವ ಹತ್ತು ಗೂಡಿಗೆ ಮಾತ್ರ ಕಡ್ಡಿ ನೆಟ್ಟು ಗುರುತು ಮಾಡಿದ್ದಾಳೆ. ಅದಕ್ಕಿಂತ ಒಳಗೆ ಹೋಗುವುದಿಲ್ಲ, ಯಾರನ್ನೂ ಬಿಡುವುದಿಲ್ಲ. ಒಳಗೆ ಹೋದರೆ ತಾಯಿ ಎದ್ದು ಹಾರುತ್ತೆ, ಬಿಸಿಲಿಗೆ ಮೊಟ್ಟೆ ಬೇಯುತ್ತೆ ಅಂತ. ಆ ಹತ್ತರಲ್ಲಿ ಆರು ಖಾಲಿ.

ಕುಕ್ಕರಗಾಲಲ್ಲಿ ಕೂತು ಖಾಲಿ ತಗ್ಗನ್ನೇ ನೋಡಿದಳು. ಲಾರಿಯವರ ಕೆಲಸ ಅಂದ ಅವಳ ಜೊತೆಯವನು. ಹೌದು, ಲಾರಿಯವರದೇ ಅಂದರು ಎಲ್ಲರೂ. ಎಲ್ಲರಿಗಿಂತ ಜೋರಾಗಿ ಅಂದದ್ದು ನಾನು.

ಲಕ್ಷದ ವಿಷಯ ಅವಳ ಕಿವಿಗೆ ಇನ್ನೂ ಬಿದ್ದಿಲ್ಲ. ಅವಳ ಮನೆ ಹೊಳೆಯ ಆಚೆ ದಡ. ಹೊಳೆ ಅಷ್ಟು ಅಗಲ ಇರುವುದು ಒಳ್ಳೆಯದೇ ಆಯಿತು.

ಫೆಬ್ರವರಿ 17, ಬೆಳಿಗ್ಗೆ

ನನ್ನ ಅಂಗಡಿ ಬಾಗಿಲು ತೆಗೆಯುವಾಗಲೇ ಗೆಳೆಯ ಬಂದು ನಿಂತಿದ್ದ. ಕೈಯಲ್ಲಿ ನೊರೆ ಕದಡುವ ಬಟ್ಟಲು. ಒಳಗೆ ಹತ್ತಿ. ಹತ್ತಿಯೊಳಗೆ ಎರಡು ಚುಕ್ಕೆ ಮೊಟ್ಟೆ. ಸ್ನೇಹ ದೊಡ್ಡದು, ಅದಕ್ಕೇ ಪೂರ್ತಿ ಲಕ್ಷ ಕೇಳುವುದಿಲ್ಲ, ಅರ್ಧ ಕೊಡು ಸಾಕು ಅಂದ.

ಅದೆಲ್ಲ ಬಾಯಿಮಾತು ಕಣೋ ಅಂದೆ. ನಂಬಲಿಲ್ಲ. ಬೆಲೆ ಇಲ್ಲದ್ದಕ್ಕೆ ಊರೆಲ್ಲ ಯಾಕೆ ಕೂಗಿದೆ, ನಿನ್ನ ಅಕ್ಕನ ಮಗಳನ್ನೇ ಕೇಳ್ತೀನಿ ಬಿಡು ಅಂದ. ಎಳೆದಾಡಿ, ಮೊಟ್ಟೆಗೆ ಇನ್ನೂರಕ್ಕೆ ಇಳಿಸಿದೆ. ಸ್ಪೀಕರ್ ಪೆಟ್ಟಿಗೆಯಿಂದ ತೆಗೆದು ಕೊಟ್ಟೆ.

ತಂದದ್ದನ್ನು ವಾಪಸ್ ಇಟ್ಟುಬಿಟ್ಟರೆ ಆಯಿತಲ್ಲ. ಹಕ್ಕಿಗೆ ಮೊಟ್ಟೆ, ಅವನಿಗೆ ದುಡ್ಡು, ನನಗೆ ಮಾನ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ನನಗೆ ನಾನೂರರಲ್ಲಿ ವಾಪಸ್ ಬಂತು. ಅಗ್ಗ ಅನ್ನಿಸಿತು.

ಫೆಬ್ರವರಿ 18

ಬೆಳಕು ಹರಿಯುವ ಮೊದಲೇ ದೋಣಿಯವನನ್ನು ಎಬ್ಬಿಸಿದೆ. ಇವಳ ಅಗಲ ಪಾತ್ರೆಯೊಂದನ್ನು ತಲೆಗೆ ಕವುಚಿಕೊಂಡಿದ್ದೆ. ಹಕ್ಕಿಗಳು ಅದರ ಮೇಲೆ ಟಣ್ ಟಣ್ ಅಂತ ಬಾರಿಸಿದವು. ಮೊಟ್ಟೆ ತಣ್ಣಗಿದ್ದವು. ಅಂಗಿಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಲು ನೋಡಿದೆ. ದೋಣಿಯವನು ಹುಟ್ಟು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣ ಇಪ್ಪತ್ತು ದಿನ ಕೂತು ಕಾವು ಕೊಡೋದಾದರೆ ನಾನೇ ಊಟ ತಂದುಕೊಡ್ತೀನಿ ಅಂದ.

ಯಾವ ತಗ್ಗಿನದು ಯಾವುದು ಅಂತ ಯಾರಿಗೆ ಗೊತ್ತು. ಮೊದಲು ಸಿಕ್ಕಿದ ತಗ್ಗಿನಲ್ಲಿ ಇಟ್ಟು ಬಂದೆ.

ಅಂಗಡಿಗೆ ಬಂದರೆ ಪಂಪ್ ರಿಪೇರಿಯವನು, ಇನ್ನೊಬ್ಬ ಪರಿಚಯವಿಲ್ಲದವನು, ಇಬ್ಬರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಗಂಟು. ಬಾಡಿಗೆ ಕುರ್ಚಿ, ಅದನ್ನೂ ಕೇಳದೆ ತೆಗೆದುಕೊಂಡಿದ್ದಾರೆ.

ಫೆಬ್ರವರಿ 22

ದಿನಾ ಬರುತ್ತಿದ್ದಾರೆ. ಹೊಳೆಯ ಆ ಕಡೆಯಿಂದಲೂ. ಯಾರಿಗೂ ನಾನು ಹೇಳಿಲ್ಲ. ಆದರೆ ಎಲ್ಲರಿಗೂ ಗೊತ್ತು, ಮೈಕಿನವರು ಕೊಳ್ಳುತ್ತಾರೆ, ಮೊಟ್ಟೆಗೆ ಇನ್ನೂರು, ಕೈಗೇ ನಗದು.

ಬೇಡ ಅನ್ನಬೇಕು ಅಂತ ದಿನಾ ಬೆಳಿಗ್ಗೆ ನಿರ್ಧಾರ. ಅಷ್ಟರಲ್ಲಿ ಗಂಟು ಬಿಚ್ಚುತ್ತಾರೆ. ಒಳಗೆ ಮೊಟ್ಟೆ ಕಾಣುತ್ತೆ. ನಾನು ಬಿಟ್ಟರೆ ಬಾಣಲೆಗೆ ಹೋಗುತ್ತೆ, ಇಲ್ಲ ಜಡ್ಜಮ್ಮನ ಬಾಗಿಲಿಗೆ ಹೋಗುತ್ತೆ. ಕೊಳ್ಳುತ್ತೇನೆ. ಬೆಳಕು ಹರಿಯುವ ಮೊದಲೇ ಹೋಗಿ ದಿಬ್ಬದಲ್ಲಿ ಇಟ್ಟು ಬರುತ್ತೇನೆ. ಹುಲಿ ಮೇಲೆ ಕೂತವನು ಇಳಿಯುವ ಹಾಗಿಲ್ಲ. ಹುಲಿಯನ್ನು ಸಾಕಿದ್ದೂ ನಾನೇ.

ಖರ್ಚು ಏನೋ ಸ್ವಲ್ಪ. ಬರೆಯುವಂಥದ್ದಲ್ಲ.

ಮಾರ್ಚ್ 2, ಭಾನುವಾರ

ಇವತ್ತು ದೊಡ್ಡ ಗಲಾಟೆ. ಕಡ್ಡಿ ನೆಟ್ಟ ಒಂದು ತಗ್ಗಿನಲ್ಲಿ ಏಳು ಮೊಟ್ಟೆ. ರೀವ ಮೂರಕ್ಕಿಂತ ಹೆಚ್ಚು ಇಡುವುದಿಲ್ಲವಂತೆ. ಫೋಟೋ ತೆಗೆದು ಯಾರೋ ದೊಡ್ಡ ಪಂಡಿತರಿಗೆ ಕಳಿಸಿದರು. ಅಲ್ಲಿಂದ ಉತ್ತರ ಬಂತು — ಇಂಥದ್ದು ಕಂಡಿದ್ದೂ ಇಲ್ಲ, ಕೇಳಿದ್ದೂ ಇಲ್ಲ, ಕೂಡಲೇ ಬರುತ್ತೇನೆ ಅಂತ.

ಒಂದು ಗಳಿಗೆ ಎದೆ ಉಬ್ಬಿತು, ಸುಳ್ಳು ಯಾಕೆ. ಆಮೇಲೆ ಜಡ್ಜಮ್ಮನ ಮುಖ ನೋಡಿದೆ. ಅವಳಿಗೆ ಸಂತೋಷವಾಗಿರಲಿಲ್ಲ. ಆ ಏಳನ್ನೇ ನೋಡುತ್ತ, ಇದರ ಮೇಲೆ ಹಕ್ಕಿ ಕೂರುತ್ತಿಲ್ಲ ಅಂದಳು. ಮರಳ ಮೇಲೆ ಹಕ್ಕಿಯ ಕಾಲಿನ ಗುರುತೇ ಇಲ್ಲವಂತೆ. ಇದ್ದದ್ದು ಚಪ್ಪಲಿಯ ಗುರುತು. ನನ್ನ ಚಪ್ಪಲಿ ಆ ಹೊತ್ತಿಗೆ ನನ್ನ ಕಾಲಲ್ಲೇ ಇತ್ತು. ಮೆಲ್ಲಗೆ ನೀರಿಗೆ ಇಳಿದು ನಿಂತೆ.

ವಾಪಸ್ ಇಟ್ಟದ್ದರಲ್ಲಿ ಒಂದೂ ಒಡೆದು ಮರಿಯಾಗುವುದಿಲ್ಲ ಅಂತ ಇವತ್ತು ಗೊತ್ತಾಯಿತು. ಗೊತ್ತಾದ ಮೇಲೂ ಸಂಜೆ ಬಂದ ಗಂಟನ್ನು ಕೊಂಡೆ.

ಮಾರ್ಚ್ 5

ತರಕಾರಿ ಗಾಡಿಯವಳು ಮೂರು ಮೊಟ್ಟೆ ತಂದಳು. ಕೈಗೆ ತೆಗೆದುಕೊಂಡರೆ ಪುಟ್ಟ ಪುಟ್ಟವು. ಒಂದರ ಬುಡದಲ್ಲಿ ಕಿರಾಣಿ ಅಂಗಡಿಯ ಚೀಟಿಯ ತುಂಡು ಅಂಟಿಕೊಂಡೇ ಇತ್ತು. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಮಾರುವ ಗೌಜಲಕ್ಕಿ ಮೊಟ್ಟೆ.

ನನಗೇ ಟೋಪಿ ಹಾಕಲು ಬಂದೆಯಾ ಅಂದೆ. ಅವಳು ಒಂದಿಷ್ಟೂ ಅಳುಕಲಿಲ್ಲ.

"ಚುಕ್ಕೆ ಇದ್ದರೆ ಸಾಕು ಅಣ್ಣ ಕೊಳ್ತಾರೆ ಅಂದ್ರು. ಮೊಣಕಾಲು ನೋವು ಇಟ್ಕೊಂಡು ಹೊಳೆಗೆ ಯಾಕೆ ಇಳೀಲಿ ಅಂತ."

ಕೊಟ್ಟೆ, ಆರು ನೂರು. ಬಾಯಿ ಮುಚ್ಚಿಸಲು. ಎದುರಿಗೇ ಎಣಿಸಿಕೊಂಡು, ತೂಕಕ್ಕೆ ಇರಲಿ ಅಂತ ಎರಡು ಸೌತೆಕಾಯಿ ಇಟ್ಟು ಹೋದಳು. ನಾನು ಮೋಸ ಹೋದೆ ಅಂತ ಯಾರಿಗಾದರೂ ಗೊತ್ತಾದರೆ ಮುಖ ತೋರಿಸುವ ಹಾಗಿಲ್ಲ.

ಮಾರ್ಚ್ 9, ಭಾನುವಾರ

ಜಡ್ಜಮ್ಮ ಮನೆಗೇ ಬಂದಳು. ಇವಳು ಟೀ ಕೊಟ್ಟಳು. ಮುಟ್ಟಲಿಲ್ಲ.

ಯಾರೋ ದುಡ್ಡು ಕೊಟ್ಟು ಮೊಟ್ಟೆ ಕೊಳ್ಳುತ್ತಿದ್ದಾರೆ ಮಾವ, ಕದಿಯುವವರನ್ನು ತಡೆದು ಪ್ರಯೋಜನವಿಲ್ಲ, ಕೊಳ್ಳುವವನನ್ನು ಹಿಡಿಯಬೇಕು ಅಂದಳು. ಎರಡು ರಾತ್ರಿ ದಡದಲ್ಲಿ ಕಾದಿದ್ದಾಳೆ, ಕಣ್ಣು ಕೆಂಪಗಿತ್ತು. ಊರಲ್ಲಿ ನಿಮಗೆ ಗೊತ್ತಿಲ್ಲದವರು ಯಾರಿದ್ದಾರೆ, ನೀವೇ ಕಂಡುಹಿಡಿಯಬೇಕು ಅಂದಳು.

ಅಲ್ಲೇ ಹೇಳಿಬಿಡಬಹುದಿತ್ತು. ಟೀ ಬಿಸಿ ಇರುವಾಗಲೇ. ಆದರೆ ಅಷ್ಟು ನಂಬಿ ಕೇಳಿದವಳ ಮುಂದೆ... ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು — ಎರಡೇ ದಿನ ಕೊಡು, ಕಿವಿ ಹಿಡಿದು ತಂದು ನಿನ್ನ ಮುಂದೆ ನಿಲ್ಲಿಸ್ತೀನಿ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರು ಕಾಯಬೇಕು ಅಂತ ಮೇಷ್ಟ್ರು ಕಾಪಿ ಬರೆಸುತ್ತಿದ್ದರು. ಹತ್ತು ಸಲ ಬರೆದಿದ್ದೆ. ಅಕ್ಷರ ಚೆನ್ನಾಗಿದೆ ಅಂದಿದ್ದರು.

ಮಾರ್ಚ್ 11, ಮಂಗಳವಾರ

ಬರೆಯಬಾರದು ಅಂತಿದ್ದೆ. ಆದರೂ ಬರೆಯುತ್ತೇನೆ.

ಕೊಳ್ಳುವವನನ್ನು ಹೆದರಿಸಲು ಊರೆಲ್ಲ ಸಾರೋಣ ಅಂತ ಜಡ್ಜಮ್ಮನೇ ಹೇಳಿದಳು. ಈ ಸಲ ನನ್ನನ್ನು ಒಬ್ಬನೇ ಬಿಡಲಿಲ್ಲ, ವ್ಯಾನಿನಲ್ಲಿ ಪಕ್ಕಕ್ಕೆ ಕೂತಳು. ಹಕ್ಕಿಯ ಮೊಟ್ಟೆ ಕೊಳ್ಳುವವನು ಯಾರೇ ಆಗಿರಲಿ, ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಅವನಿಗೆ ತಕ್ಕ ಶಾಸ್ತಿಯಾಗುತ್ತೆ ಅಂತ ಓದಬೇಕಾಗಿತ್ತು. ಓದಿದೆ. ನನ್ನನ್ನು ನಾನೇ ಬೈಯುವಾಗಲೂ ಧ್ವನಿ ಖಣಖಣ ಅಂತಿತ್ತು.

ಮೊದಲ ಬೀದಿಯಲ್ಲೇ ನಗು. ಪಾತ್ರೆ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ ಅಡಗಿಕೊಂಡು ನಕ್ಕ. ಮಹಡಿಯ ಮೇಲಿಂದ ಹೆಂಗಸರು ನಕ್ಕರು. ಗೆಳೆಯನಂತೂ ಕತ್ತರಿ ಕೆಳಗಿಟ್ಟು ಗೋಡೆಗೆ ಒರಗಿಬಿಟ್ಟ. ಯಾಕೆ ನಗುತ್ತಿದ್ದಾರೆ ಅಂತ ಕೇಳಿದಳು ಜಡ್ಜಮ್ಮ. ಆಂಪ್ಲಿಫೈಯರ್ ಗೊರಗೊರ ಅಂತಿದೆಯಲ್ಲ ಅಂದೆ.

ಹೊಳೆಬೀದಿಯ ತಿರುವಿನಲ್ಲಿ ವ್ಯಾನ್ ನಿಧಾನವಾಯಿತು. ಪಂಪ್ ರಿಪೇರಿಯವನು ಓಡಿಬಂದು ನನ್ನ ಕಡೆಯ ಕಿಟಕಿಯಿಂದ ಒಂದು ಗಂಟು ಮಡಿಲಿಗೆ ಇಟ್ಟ. ಅವಳನ್ನು ನೋಡಲಿಲ್ಲ. ಪಾಪ, ಅವನದು ತಪ್ಪಿಲ್ಲ.

"ಆರು ಇದೆ ಅಣ್ಣಾ. ಕೂಗೋದು ಮುಗಿಸ್ಕೊಂಡು ಬನ್ನಿ, ದುಡ್ಡಿಗೇನು ಅವಸರ ಇಲ್ಲ."

ಮೈಕ್ ಆನ್ ಇತ್ತು. ಎರಡು ಹಾರ್ನಿನಲ್ಲೂ ಕೇಳಿಸಿತು. ಇಡೀ ಬೀದಿ ಗೊಳ್ಳೆಂದಿತು.

ಅವಳು ನಗಲಿಲ್ಲ, ಕೂಗಾಡಲಿಲ್ಲ. ಗಂಟನ್ನು ತನ್ನ ಮಡಿಲಿಗೆ ತೆಗೆದುಕೊಂಡು ಬಿಚ್ಚಿದಳು. ಒಂದು ಮೊಟ್ಟೆ ಎತ್ತಿ ಕೆನ್ನೆಗೆ ಒತ್ತಿ ಹಿಡಿದಳು, ಸ್ವಲ್ಪ ಹೊತ್ತು. ತಣ್ಣಗಾಗಿದೆ ಅಂದಳು, ಯಾರಿಗೂ ಅಲ್ಲ. ಅದೂ ಮೈಕಿನಲ್ಲಿ ಕೇಳಿಸಿತು. ನಗುತ್ತಿದ್ದವರು ಒಬ್ಬೊಬ್ಬರೇ ಒಳಗೆ ಹೋದರು.

ಇಳಿದು ನಡೆದುಕೊಂಡೇ ಹೋದಳು. ಸೆರಗಿನಲ್ಲಿ ಆರು ಮೊಟ್ಟೆ.

ಮಾರ್ಚ್ 12

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮುತ್ತಿನ ಜಾಗಕ್ಕೆ ಏನು ಬರೆಯಬೇಕು ಅಂತ ನನಗೆ ಗೊತ್ತು.

ಮಾರ್ಚ್ 13

ಏನಿಲ್ಲ. ಒಂದು ಸಭೆಗೆ ಕುರ್ಚಿ ಕಳಿಸಿದೆ. ಎಣಿಸಿಕೊಂಡು ತಂದೆ.

ಮಾರ್ಚ್ 30

ಈಗ ಅವರು ಸರದಿಯ ಮೇಲೆ ಹಗಲೂ ರಾತ್ರಿ ದಡ ಕಾಯುತ್ತಾರೆ. ನನ್ನನ್ನು ಕರೆಯಲಿಲ್ಲ. ಯಾರೂ ಮೊಟ್ಟೆ ತರುತ್ತಿಲ್ಲ — ನಾನು ಕೊಳ್ಳುವುದಿಲ್ಲ ಅಂತಲ್ಲ, ದಿಬ್ಬದಲ್ಲಿ ಉಳಿದಿಲ್ಲ ಅಂತ. ಕೆಲವು ಹಕ್ಕಿ ಎರಡನೇ ಸಲ ಇಟ್ಟಿವೆಯಂತೆ. ದೋಣಿಯವನು ಹೇಳಿದ. ಹೆಚ್ಚಿನವು ಬರೀ ಮರಳ ಮೇಲೆ ಸುಮ್ಮನೆ ನಿಂತಿರುತ್ತವಂತೆ, ಬಸ್ಸು ತಪ್ಪಿದವರ ಹಾಗೆ.

ಇವಳು ಒಂದೇ ಸಲ ಕೇಳಿದಳು, ಎಷ್ಟು ಹೋಯಿತು ಅಂತ. ಐದಾರು ನೂರು ಅಂದೆ. ಇಷ್ಟಕ್ಕೆ ಇಷ್ಟು ರಂಪವೇ ಅಂದಳು. ಹೊಸ ಆಂಪ್ಲಿಫೈಯರ್ ಯಾವಾಗ ಬರುತ್ತೆ ಅಂತಲೂ ಕೇಳಿದಳು. ಬರುವ ತಿಂಗಳು ಬೆಲೆ ಇಳಿಯುತ್ತಂತೆ, ಕಾಯೋಣ ಅಂದೆ.

ಏಪ್ರಿಲ್ 6, ಭಾನುವಾರ, ಹನ್ನೊಂದು ಗಂಟೆ

ಜಡ್ಜಮ್ಮ ಅಂಗಡಿಗೆ ಬಂದಳು. ಸುರುಳಿ ಸುತ್ತಿದ ವೈರಿನ ಮೇಲೆ ಕೂತಳು, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ. ಬೈಯುತ್ತಾಳೆ ಅಂತ ಕಾದೆ. ಬೈದರೆ ಹಗುರವಾಗುತ್ತಿತ್ತು.

"ಮಾವ, ಒಟ್ಟು ಎಷ್ಟು ಕೊಟ್ಟಿರಿ?"

ಮೈಕಿನ ಪ್ಲಗ್ ಒರೆಸತೊಡಗಿದೆ.

"ದುಡ್ಡಿಗಲ್ಲ ನಾನು ಕೇಳ್ತಿರೋದು. ಆ ಹತ್ತು ಕಡ್ಡಿ ಬಿಟ್ಟರೆ ನಮ್ಮ ಹತ್ರ ಲೆಕ್ಕವೇ ಇಲ್ಲ. ಹಕ್ಕಿ ಏಳಬಾರದು ಅಂತ ಒಳಗೆ ಹೋಗಲೇ ಇಲ್ಲ. ಎಷ್ಟು ಮೊಟ್ಟೆ ಇತ್ತು ಅನ್ನೋದಕ್ಕೆ ಈಗ ಇರೋ ಸಾಕ್ಷಿ ನೀವೊಬ್ಬರೇ. ಕದ್ದು ಹೋಗಿದ್ದು ಅಷ್ಟು ಅಂತ ಗೊತ್ತಾದರೆ ಇದು ದೊಡ್ಡ ಸಂಸಾರ ಅಂತ ಒಪ್ಕೋತಾರೆ. ನಾನು ದಿಬ್ಬ ನೋಡೋಕೆ ಬರೋ ಸಾಹೇಬರನ್ನ ಕೇಳಿಯೇ ಬಂದಿದ್ದೀನಿ. ನಿಮಗೆ ದಂಡ ಗಿಂಡ ಏನೂ ಹಾಕಲ್ವಂತೆ."

ಒಳಮನೆಯಲ್ಲಿ ಇವಳ ಹೊಲಿಗೆ ಮಿಷನ್ ಓಡುತ್ತಿತ್ತು. ನಿಂತಿತು. ಕೇಳಿಸಿಕೊಳ್ಳಲು ನಿಲ್ಲಿಸಿದ್ದಾಳೆ ಅಂತ ಗೊತ್ತಾಯಿತು.

ಆರೇಳು ನೂರು ಇರಬಹುದು ಅಂದೆ.

ಜಡ್ಜಮ್ಮ ತಲೆ ಅಲ್ಲಾಡಿಸಿದಳು.

"ನೀವು ಯಾವತ್ತೂ ಕಮ್ಮಿ ಹೇಳಿದವರಲ್ಲ ಮಾವ."

ನಿಜ. ಇಲಿ ಹೋದರೆ ಹುಲಿ ಹೋಯಿತು ಅಂದವನು ನಾನು. ಗೇಣುದ್ದದ ಮೀನು ಹಿಡಿದು ಮಾರುದ್ದ ಅಂದವನು. ನನ್ನ ಮಾತನ್ನು ಹತ್ತರಿಂದ ಭಾಗಿಸಿ ಕೇಳುವುದು ನಮ್ಮ ಮನೆಯವರಿಗೆಲ್ಲ ಅಭ್ಯಾಸ. ಇವತ್ತು ಗುಣಿಸಿಕೊಂಡು ಕೇಳು ಅಂತ ಹೇಗೆ ಹೇಳಲಿ.

ಮಿಷನ್ ಮತ್ತೆ ಓಡಲು ಶುರುವಾಯಿತು. ನಾಡಿದ್ದು ಸಾಹೇಬರ ಮುಂದೆ ನೀವೇ ನಿಂತು ಹೇಳಿ, ನೆನಪು ಮಾಡಿಕೊಳ್ಳಿ ಅಂತ ಹೇಳಿ ಎದ್ದು ಹೋದಳು.

ಏಪ್ರಿಲ್ 7

ನಾಳೆ ಹೇಳುತ್ತೇನೆ. ಖಂಡಿತ.

ಏಪ್ರಿಲ್ 8, ಮಂಗಳವಾರ

ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಮೆಲು ಮಾತು. ಬೂಟು ಬಿಚ್ಚಿ, ಪ್ಯಾಂಟು ಮಡಚಿ ದೋಣಿಗೆ ಹತ್ತಿದರು. ನನಗೆ ಹಿಡಿಸಿತು. ದಿಬ್ಬದ ಸುತ್ತ ಒಂದು ಸುತ್ತು ಬಂದು ನೋಡಿದರು. ಮರಿಗಳು ಕಂಡದ್ದು ಮೂರೋ ನಾಲ್ಕೋ. ಮರಳಿನದೇ ಬಣ್ಣ, ಓಡಿದರೆ ಮಾತ್ರ ಕಾಣುತ್ತವೆ. ಒಂದು ಮರಿ ದೋಣಿಯ ನೆರಳಿಗೆ ಹೆದರಿ ಓಡಿ, ಯಾರದೋ ಹಳೆಯ ಹೆಜ್ಜೆ ಗುರುತಿನೊಳಗೆ ಅಡಗಿ ಕೂತಿತು.

ದಡದಲ್ಲಿ ಹತ್ತಿಪ್ಪತ್ತು ಜನ. ಹರಾಜಿಗೆ ಕಾದಿರುವ ಕಂಟ್ರಾಕ್ಟರನ ಕಡೆಯವನು ಛತ್ರಿ ಹಿಡಿದು ನಿಂತಿದ್ದ. ಗೆಳೆಯ ಇದ್ದ. ಇವಳೂ ಬಂದಿದ್ದಳು, ಯಾವತ್ತೂ ಹೊಳೆ ಕಡೆ ಬರದವಳು. ಇಲ್ಲಿ ಅಂಥ ಹಕ್ಕಿಯೇ ಇರಲಿಲ್ಲ ಸಾರ್, ನಾಲ್ಕು ಮರಿಗೆ ಇಷ್ಟು ದೊಡ್ಡ ಕತೆ ಕಟ್ಟಿದ್ದಾರೆ ಅಂದ ಛತ್ರಿಯವನು.

ಜಡ್ಜಮ್ಮ ನನ್ನ ಕಡೆ ಕೈ ತೋರಿಸಿದಳು.

ಅಧಿಕಾರಿ ಮೆಲ್ಲಗೆ ಕೇಳಿದರು. "ಯಜಮಾನರೇ, ನೀವು ಕೊಂಡಿದ್ದು ಎಷ್ಟು ಮೊಟ್ಟೆ?"

ಊರೆಲ್ಲ ಸಾರುವ ಗಂಟಲು. ಅದರಿಂದ ಹೊರಟದ್ದು ಇಷ್ಟೇ.

"ಮೂರ್ನಾಲ್ಕು ಇರಬಹುದು ಸಾರ್."

ಗೆಳೆಯ ತಲೆ ತಗ್ಗಿಸಿದ. ಪಂಪ್ ರಿಪೇರಿಯವನು ಏನೋ ಹೇಳಲು ಬಾಯಿ ತೆಗೆದ. ಹೇಳಿದರೆ ತಾನೂ ಕದ್ದವನಾಗುತ್ತಾನೆ, ಮುಚ್ಚಿಕೊಂಡ. ಅಷ್ಟು ಜನಕ್ಕೂ ಗೊತ್ತಿತ್ತು. ಒಬ್ಬನೇ ಒಬ್ಬ ಹೇಳಬೇಕಾಗಿತ್ತು, ಅವನು ನಾನಾಗಿದ್ದೆ. ಇವಳು ಮಾತ್ರ ನೆಮ್ಮದಿಯಿಂದ ನನ್ನ ಕಡೆ ನೋಡಿದಳು. ಆ ನೋಟಕ್ಕೇ ನಾನು ಸುಳ್ಳು ಹೇಳಿದ್ದು.

ಅಧಿಕಾರಿ ಬರೆದುಕೊಂಡರು. ಜಡ್ಜಮ್ಮ ನನ್ನ ಕಡೆ ಮತ್ತೆ ತಿರುಗಲಿಲ್ಲ. ನೆಟ್ಟ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು.

ಏಪ್ರಿಲ್ 21

ಲಾರಿ ಇಳಿಯಿತು. ಹಕ್ಕಿಗಳು ಲಾರಿಯ ತಲೆಯ ಮೇಲೆ ಎರಗಿ ಎರಗಿ ಏಳುತ್ತವೆ. ಡ್ರೈವರ್ ಗಾಜು ಏರಿಸಿಕೊಂಡು ಹಾಡು ಹಾಕಿಕೊಂಡಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ಎರಗುವುದನ್ನು ಬಿಟ್ಟವು.

ಮರಳು ಹೊತ್ತ ಲಾರಿಗಳು ನನ್ನ ಅಂಗಡಿ ಮುಂದೆಯೇ ಹೋಗುತ್ತವೆ. ಕುರ್ಚಿಗಳ ಮೇಲೆಲ್ಲ ಮರಳು. ಒರೆಸಿದಷ್ಟೂ ಕೂರುತ್ತೆ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ

ಜಡ್ಜಮ್ಮ ಬಂದಿದ್ದಳು. ನನ್ನನ್ನು ನೋಡಲು ಅಲ್ಲ. ರವಿಕೆ ಹೊಲಿಯಲು ಕೊಟ್ಟಿದ್ದಳಂತೆ. ನಾನು ಬಾಗಿಲಲ್ಲೇ ಕೂತಿದ್ದೆ. ಅತ್ತೆ ಇದ್ದಾರಾ ಅಂತ ಕೇಳಿದಳು. ಮಾವ ಅನ್ನಲಿಲ್ಲ. ಇದ್ದಾಳೆ ಅಂದೆ. ಒಳಗೆ ಹೋದಳು, ತೆಗೆದುಕೊಂಡಳು, ಬಂದಳು. ಚಪ್ಪಲಿ ಮೆಟ್ಟುವಾಗ ಒಂದು ಗಳಿಗೆ ತಡೆದಳು, ಏನೋ ಕೇಳುವವಳ ಹಾಗೆ. ಕೇಳಿದ್ದರೆ ಹೇಳುತ್ತಿದ್ದೆ. ಹೇಳುತ್ತಿದ್ದೆನೋ ಇಲ್ಲವೋ. ಕೇಳಲಿಲ್ಲ.

ಹೋದ ಮೇಲೆ ಇವಳು ಅಂದಳು, ಮುಂದಿನ ವರ್ಷ ಬೇರೆ ಯಾವುದೋ ದಿಬ್ಬ ಹುಡುಕುತ್ತಾರಂತೆ, ಮೇಲ್ಗಡೆ, ದೂರ. ಹಕ್ಕಿ ಅಲ್ಲಿಗೆ ಹೋಗುತ್ತೋ ಇಲ್ಲವೋ ಗೊತ್ತಿಲ್ಲವಂತೆ.

ಸ್ಪೀಕರ್ ಪೆಟ್ಟಿಗೆ ಇಳಿಸಿ ಬಿಚ್ಚಿದೆ. ಉಳಿದದ್ದನ್ನು ಎಣಿಸಿದೆ, ಇದ್ದದ್ದರಲ್ಲಿ ಕಳೆದೆ. ಎರಡು ಸಲ ಮಾಡಿದೆ, ಒಂದೇ ಉತ್ತರ ಬಂತು. ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದರೂ ಎರಡು ಸಲ ಪೆನ್ನು ಮುಚ್ಚಿಟ್ಟೆ.

ಕೊಟ್ಟದ್ದು ಒಟ್ಟು ಮೂವತ್ತೊಂದು ಸಾವಿರದ ಎಂಟು ನೂರು.

ಅದರಲ್ಲಿ ಮೋಸ ಹೋದದ್ದು ತರಕಾರಿಯವಳ ಆರು ನೂರು ಮಾತ್ರ. ಅವಳೊಬ್ಬಳ ಹಾಗೆ ಎಲ್ಲರೂ ನನಗೆ ಮೋಸ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಉಳಿದದ್ದೆಲ್ಲ ಅಸಲಿ. ಒಂದೊಂದಕ್ಕೆ ಇನ್ನೂರರಂತೆ —